ಕೋರ್ಸಿನ ಹೆಸರಿನಲ್ಲಿ ‘ಡಿಪ್ಲೊಮಾ’ ಎಂದಿದ್ದರೆ ವಿದ್ಯಾರ್ಥಿಯ ನಿರೀಕ್ಷೆ ಬದಲಾಗುತ್ತದೆಯೇ?

ಖಂಡಿತ ಬದಲಾಗುತ್ತದೆ. ಕರ್ನಾಟಕದಲ್ಲಿ ಡಿಪ್ಲೊಮಾ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಎಸ್ಸೆಸ್ಸೆಲ್ಸಿಯ ನಂತರ ಪಾಲಿಟೆಕ್ನಿಕ್‌ನಲ್ಲಿ ಓದುವ 3 ವರ್ಷಗಳ ಕೋರ್ಸು. ಅದನ್ನು ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಹೀಗಿರುವಾಗ ಆರು ತಿಂಗಳ ಕಂಪ್ಯೂಟರ್ ತರಬೇತಿಗೂ ಅದೇ ಹೆಸರಿಟ್ಟರೆ, ಅಷ್ಟೇ ಬೆಲೆಯ ಅರ್ಹತೆ ತನಗೂ ದೊರೆಯುತ್ತದೆಂದು ವಿದ್ಯಾರ್ಥಿ ನಂಬುವುದು ಸಹಜ, ಆ ನಂಬಿಕೆಗೆ ಅವನನ್ನು ದೂರುವುದು ನ್ಯಾಯವಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪದವಿ ವ್ಯಾಸಂಗದ 1 ವರ್ಷ ಮುಗಿಸಿ ಹೊರಬರುವವರಿಗೆ ಸರ್ಟಿಫಿಕೇಟ್, 2 ವರ್ಷ ಮುಗಿಸಿದವರಿಗೆ ಡಿಪ್ಲೊಮಾ ಎಂದು ಸೂಚಿಸಿದ್ದರಿಂದ, ಒಂದೇ ಪದಕ್ಕೆ ಇನ್ನೊಂದು ಅರ್ಥವೂ ಸೇರಿಕೊಂಡಿತು.

‘ಪದವಿ’ಗೆ ಮಾತ್ರ ಕಾನೂನಿನ ರಕ್ಷಣೆಯಿದೆ. 1956ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ವಿಶ್ವವಿದ್ಯಾಲಯಗಳು ಹಾಗೂ ಸಂಸತ್ತಿನ ಕಾಯ್ದೆಯಿಂದ ಅಧಿಕಾರ ಪಡೆದಂತಹ ಸಂಸ್ಥೆಗಳಷ್ಟೇ ಅದನ್ನು ನೀಡಬಹುದು. ಡಿಪ್ಲೊಮಾಕ್ಕೆ ಆ ಕಟ್ಟುಪಾಡಿಲ್ಲ.

ಜಾಹೀರಾತಿನಲ್ಲಿ ‘ಉದ್ಯೋಗ ನೆರವು’ ಎಂದಿರುವುದನ್ನು ಮನೆಯವರು ‘ಉದ್ಯೋಗ ಖಾತ್ರಿ’ ಎಂದೇ ಓದಿಕೊಳ್ಳುತ್ತಾರೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಪ್ರಮಾಣಪತ್ರವನ್ನು ಯಾರು ಕೊಡುತ್ತಾರೆ, ಅದರ ಆಧಾರದ ಮೇಲೆ ಮುಂದೆ ಯಾವ ಕೋರ್ಸಿಗೆ ಸೇರಬಹುದು ಎಂಬುದನ್ನು ಕಾಲೇಜಿನಿಂದ ಬರಹದಲ್ಲಿ ಕೇಳಿ ಪಡೆಯಿರಿ.