ಒಳಗಿನ ಪ್ಯಾಡ್ ತಗಡಿಗೆ ಬಂದಿದೆ, ಹೊರಗಿನದು ಅರ್ಧವೂ ಸವೆದಿಲ್ಲ

ಪ್ರಶ್ನೆ: ಕಂಪ್ಲಿಯಿಂದ ಗಂಗಾವತಿಯ ರೈಸ್ ಮಿಲ್‌ಗಳಿಗೆ ಪಿಕಪ್‌ನಲ್ಲಿ ಭತ್ತ ಹೊಡೆಯುತ್ತೇನೆ. ಬ್ರೇಕ್ ಒತ್ತಿದರೆ ಮುಂದಿನ ಎಡಗಾಲಿ ಕಿರ್ರ್ ಎನ್ನುತ್ತದೆ. ಬಿಚ್ಚಿ ನೋಡಿದರೆ ಒಳಗಿನ ಪ್ಯಾಡ್ ಪೂರ್ತಿ ಸವೆದು ಹಿಂಬದಿಯ ತಗಡಿಗೆ ಬಂದಿದೆ, ಹೊರಗಿನದು ಅರ್ಧವೂ ಸವೆದಿಲ್ಲ. ಹೊಸ ಪ್ಯಾಡ್ ಮನೆಯಲ್ಲೇ ಹಾಕಿಕೊಳ್ಳಬಹುದೇ? ಎಡಕ್ಕೆ ಮಾತ್ರ ಹಾಕಿದರೆ ಸಾಕೇ?
– ಓದುಗರು, ಕಂಪ್ಲಿ

ಉತ್ತರ: ಹಾಕಿಕೊಳ್ಳಬಹುದು, ಆದರೆ ಎರಡೂ ಕಡೆ ಹಾಕಬೇಕು. ಒಂದೇ ಕಡೆ ಹೊಸದಾದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಸೆಟ್‌ನಲ್ಲಿ ಎರಡು ಗಾಲಿಗೂ ಸೇರಿ 4 ಪ್ಯಾಡ್ ಇರುತ್ತವೆ.

ನಿಮ್ಮ ಗಾಡಿಯ ರೋಗ ಮಾತ್ರ ಪ್ಯಾಡಿನಲ್ಲಿಲ್ಲ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗವೇ ಕ್ಯಾಲಿಪರ್. ಇಂಥ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಇರುವುದು ಒಳಮಗ್ಗುಲಲ್ಲಿ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತಿದ್ದಂತೆ ಇಡೀ ಕ್ಯಾಲಿಪರ್ ಎರಡು ಸ್ಲೈಡ್ ಪಿನ್‌ಗಳ ಮೇಲೆ ಜರುಗಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತಬೇಕು. ಪಿನ್ ಬಿಗಿದರೆ ದುಡಿಯುವುದು ಒಳಗಿನದೊಂದೇ. ಭತ್ತದ ಗದ್ದೆ ದಾರಿಯ ಎರೆ ಕೆಸರು ಪಿನ್ನಿನ ಹರಿದ ರಬ್ಬರ್ ಬೂಟಿನೊಳಗೆ ಹೊಕ್ಕರೆ ಗ್ರೀಸ್ ಕೆಟ್ಟು ಪಿನ್ ತುಕ್ಕು ಹಿಡಿಯುತ್ತದೆ. ಪ್ಯಾಡ್ ಮಾತ್ರ ಬದಲಿಸಿ ಪಿನ್ ಮುಟ್ಟದಿದ್ದರೆ ಹೊಸ ಸೆಟ್ಟೂ ಹೀಗೇ ಹಾಳಾಗುತ್ತದೆ.

ಗಾಡಿಯನ್ನು ಖಾಲಿ ಮಾಡಿ ಗಟ್ಟಿ ಸಮನೆಲದಲ್ಲಿ ನಿಲ್ಲಿಸಿ. ಎರೆ ನೆಲದಲ್ಲಿ ಜಾಕಿ ಹೂತುಕೊಳ್ಳುತ್ತದೆ. ಗತಿಯಿಲ್ಲದಿದ್ದರೆ ಅಡಿಗೆ ದಪ್ಪ ಹಲಗೆ ಹಾಕಿ. ಫಸ್ಟ್ ಗೇರ್, ಹ್ಯಾಂಡ್‌ಬ್ರೇಕ್, ಹಿಂದಿನ ಗಾಲಿಗಳ ಎರಡೂ ಬದಿಗೆ ಕಲ್ಲು. ನಟ್‌ಗಳನ್ನು ಎತ್ತುವ ಮೊದಲೇ ಸಡಿಲಿಸಿ. ಎತ್ತಿದ ಮೇಲೆ ಚಾಸಿಗೆ ಸ್ಟ್ಯಾಂಡ್ ಕೊಡಿ. ಇಟ್ಟಿಗೆ ಬೇಡ, ಭಾರಕ್ಕೆ ಪುಡಿಯಾಗುತ್ತದೆ.

ಸಾಮಾನ್ಯವಾಗಿ ಕೆಳಗಿನ ಪಿನ್ನಿನ ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ಮೇಲಕ್ಕೆ ಮಡಚಿದರೆ ಪ್ಯಾಡ್ ಹೊರಬರುತ್ತದೆ. ನಿಮಗೆ ಎರಡೂ ಪಿನ್ ತೆಗೆಯಬೇಕಿರುವುದರಿಂದ ಕ್ಯಾಲಿಪರ್ ಪೂರ್ತಿ ಬಿಚ್ಚಿ ತಂತಿಯಲ್ಲಿ ಕಟ್ಟಿ ತೂಗುಹಾಕಿ. ಬ್ರೇಕ್ ಆಯಿಲ್‌ನ ರಬ್ಬರ್ ಹೋಸ್‌ನಲ್ಲಿ ಜೋತುಬಿಡಬಾರದು. ಒಂದು ಪಿನ್ನಿನ ತುದಿಗೆ ರಬ್ಬರ್ ಬುಷ್ ಇರಬಹುದು, ಮೇಲಿನದನ್ನು ಕೆಳಗೆ ಹಾಕಬೇಡಿ. ತುಕ್ಕು ತಿಂದು ಗುಳಿ ಬಿದ್ದ ಪಿನ್ ಉಜ್ಜಿ ಉಪಯೋಗವಿಲ್ಲ, ಬೂಟ್ ಸಮೇತ ಹೊಸದು ಹಾಕಿ. ಸವರಲು ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ಬೇಕು, ತೆಳುವಾಗಿ. ಬೇರಿಂಗಿನ ಗ್ರೀಸ್ ಹಾಕಿದರೆ ರಬ್ಬರ್ ಊದಿ ಪಿನ್ ಮತ್ತೆ ಹಿಡಿಯುತ್ತದೆ. ಇದೇ ಗಡಿಬಿಡಿಯಲ್ಲಿ ಆಗುವ ತಪ್ಪು. ಬೆರಳಲ್ಲಿ ತಳ್ಳಿದರೆ ಪಿನ್ ಸರಾಗ ಓಡಾಡಬೇಕು.

ಪ್ಯಾಡ್ ತಗಡಿಗೆ ಬಂದಿದ್ದರಿಂದ ಡಿಸ್ಕಿನ ಒಳಮುಖದಲ್ಲಿ ಗೀರು ಬಿದ್ದಿರುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಲೇತ್‌ಗೆ ಒಯ್ಯಿರಿ. ಕನಿಷ್ಠ ದಪ್ಪ ಎಷ್ಟೆಂದು ಡಿಸ್ಕಿನ ಮೇಲೇ ಅಚ್ಚೊತ್ತಿರುತ್ತದೆ. ಲೇತ್ ಹೊಡೆದ ಮೇಲೆ ಅದಕ್ಕಿಂತ ಇಳಿಯುವಂತಿದ್ದರೆ ಎರಡೂ ಕಡೆ ಹೊಸ ಡಿಸ್ಕೇ ಗತಿ. ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಪುಪ್ಪುಸಕ್ಕೆ ಕೆಟ್ಟದ್ದು. ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸಿ. ಡೀಸೆಲ್ ಬೇಡವೇ ಬೇಡ, ಪಸೆ ಕುಡಿದ ಪ್ಯಾಡ್ ಹಿಡಿಯುವುದಿಲ್ಲ.

ಹೊಸ ಪ್ಯಾಡ್ ದಪ್ಪ, ಹಾಗಾಗಿ ಪಿಸ್ಟನನ್ನು ಹಿಂದೆ ತಳ್ಳಬೇಕು. ಹಳೇ ಪ್ಯಾಡ್ ಅಡ್ಡವಿಟ್ಟು ಸಿ ಕ್ಲ್ಯಾಂಪ್‌ನಿಂದ ನಿಧಾನಕ್ಕೆ ಒತ್ತಿ. ಬಾಟಲಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ಮೊದಲೇ ಭರ್ತಿಯಿದ್ದರೆ ಸಿರಿಂಜ್‌ನಿಂದ ಸ್ವಲ್ಪ ತೆಗೆದಿಡಿ. ಗಾಡಿಯ ಬಾಡಿ ಮೇಲೆ ಚೆಲ್ಲಿದರೆ ಬಣ್ಣ ಏಳುತ್ತದೆ. ಪಿಸ್ಟನ್ ಜಗ್ಗದಿದ್ದರೆ ಸುತ್ತಿಗೆ ಹಿಡಿಯಬೇಡಿ, ಆ ಕ್ಯಾಲಿಪರ್‌ಗೆ ಮೆಕ್ಯಾನಿಕ್ ಬೇಕು.

ಜೋಡಿಸಿದ ಮೇಲೆ, ಗಾಡಿ ಕದಲಿಸುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ಕೆಲವು ತುಳಿತಕ್ಕೆ ಬ್ರೇಕೇ ಇರುವುದಿಲ್ಲ! ಆಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ.ನಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, 8-10 ಸಲ ಇಳಿಸಿ. ನಡುನಡುವೆ ಅರ್ಧ ನಿಮಿಷ ಓಡಿಸಿ ಆರಲು ಬಿಡಿ. ಮೊದಲ 200 ಕಿ.ಮೀ. ಓವರ್‌ಲೋಡ್ ಹೊರಿಸಬೇಡಿ (ಆಮೇಲೂ ಹೊರಿಸಬಾರದು, ಆ ಮಾತು ಬೇರೆ). ಗಾಲಿಯ ನಟ್‌ಗಳನ್ನು 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಮಾಡಿ.

ಪ್ರಶ್ನೆ: ಮುಂದಿನ ಪ್ಯಾಡ್ ಬದಲಿಸಿದ ಮೇಲೆ ಬಲಗಾಲಿ ಮಾತ್ರ ಕಾದು ಬಿಸಿಯಾಗುತ್ತಿದೆ, ಎತ್ತಿ ತಿರುವಿದರೆ ಬಿಗಿ.
– ಓದುಗರು, ಮಾನ್ವಿ

ಉತ್ತರ: ಗಾಲಿ ಎತ್ತಿ, ಒಮ್ಮೆ ಬ್ರೇಕ್ ಒತ್ತಿ ಬಿಟ್ಟು, ಆ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿ. ಗಾಲಿ ತಕ್ಷಣ ಹಗುರಾದರೆ ಒತ್ತಡ ಒಳಗೇ ಉಳಿಯುತ್ತಿದೆ ಎಂದರ್ಥ. ಒಂದೇ ಗಾಲಿಯಾದ್ದರಿಂದ ಅನುಮಾನ ಒಳಗೆ ಊದಿಕೊಂಡ ರಬ್ಬರ್ ಹೋಸ್ ಮೇಲೆ. ಹೋಸ್ ಬದಲಿಸಿ, ಬ್ಲೀಡ್ ಮಾಡಿ, ಅಂದರೆ ಆಯಿಲ್‌ನೊಳಗಿನ ಗಾಳಿ ತೆಗೆಯಿರಿ. ನಿಪ್ಪಲ್ ಸಡಿಲಿಸಿದರೂ ಬಿಗಿಯಿದ್ದರೆ ಪಿಸ್ಟನ್ ಅಥವಾ ಪಿನ್ ಹಿಡಿದಿದೆ, ಇಲ್ಲವೇ ಪ್ಯಾಡ್ ಕೂರುವ ಬ್ರಾಕೆಟ್ಟಿನಲ್ಲಿ ಕ್ಲಿಪ್‌ಗಳ ಅಡಿ ತುಕ್ಕು ಕೂತು ಪ್ಯಾಡಿನ ಕಿವಿಗಳು (ಎರಡು ತುದಿಗಳು) ಸಿಕ್ಕಿಕೊಂಡಿವೆ. ಆ ತುಕ್ಕನ್ನು ಕೆರೆದು ತೆಗೆಯಿರಿ, ಪ್ಯಾಡಿನ ಕಿವಿಗೆ ಅರ ಹಾಕಬೇಡಿ.