ಚಿಪ್ ಮೊದಲು, ಲಸಿಕೆ ಆಮೇಲೆ

ಪ್ರಶ್ನೆ: ಮಗನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ. ಬರುವ ತಿಂಗಳು ಸೊಸೆ ಲ್ಯಾಬ್ರಡಾರ್ ಕರೆದುಕೊಂಡು ಹೊರಡುತ್ತಾಳೆ. ನಾಯಿಗೆ ವರ್ಷಾ ವರ್ಷ ರೇಬೀಸ್ ಇಂಜೆಕ್ಷನ್ ಆಗಿದೆ, ಚಿಪ್ ಕಳೆದ ವಾರ ಹಾಕಿಸಿದೆವು. ಏಜೆಂಟರೊಬ್ಬರು ಎರಡೇ ದಿನದಲ್ಲಿ ಎಲ್ಲ ಕಾಗದ ಮಾಡಿಸಿಕೊಡ್ತೀನಿ ಅಂತಾರೆ. ಕೊಡಬಹುದೇನ್ರೀ ಡಾಕ್ಟರೇ? (ಸಪ್ತಾಪುರ, ಧಾರವಾಡ)

ಕೊಡಬೇಡಿ. ಬರುವ ತಿಂಗಳು ನಾಯಿ ಹೋಗುವುದೂ ಇಲ್ಲ. ತಿಂಗಳಿಗೊಂದಾದರೂ ಇಂಥ ಪತ್ರ ಬರುತ್ತದೆ, ಎಲ್ಲವೂ ಟಿಕೆಟ್ ತೆಗೆಸಿದ ಮೇಲೆ ಬರೆದವು.

ಚಿಪ್ ಹಾಕುವ ಮೊದಲು ಕೊಟ್ಟ ರೇಬೀಸ್ ಲಸಿಕೆ ಯುರೋಪಿನವರ ಲೆಕ್ಕಕ್ಕೆ ಇಲ್ಲ. ಲಸಿಕೆ ಬಿದ್ದದ್ದು ಇದೇ ನಾಯಿಗೆ ಅನ್ನಲು ಅವರಿಗಿರುವ ಗುರುತು ಭುಜದ ನಡುವೆ ಚರ್ಮದಡಿ ಕೂತ ಆ ಅಕ್ಕಿಕಾಳಿನಷ್ಟು ಚಿಪ್, ಅದರ 15 ಅಂಕಿ. ಆದ್ದರಿಂದ ಮೊದಲು ಸ್ಕ್ಯಾನರ್ ಆಡಿಸಿ ನಂಬರ್ ಓದಿಸಿ, ಆಮೇಲೆ ಹೊಸದಾಗಿ ಲಸಿಕೆ ಹಾಕಿಸಿ. ಬಾಟಲಿಯ ಬ್ಯಾಚ್ ಸ್ಟಿಕ್ಕರ್ ಪುಸ್ತಕದಲ್ಲಿ ಅಂಟಿಸಿಕೊಳ್ಳಿ. ಬರೀ ‘ಎಆರ್‌ವಿ (ರೇಬೀಸ್ ಲಸಿಕೆ) ಆಗಿದೆ’ ಎಂದು ಗೀಚಿ ಕೊಡುವ ಡಾಕ್ಟರಿದ್ದರೆ ಬೇರೆಯವರನ್ನು ನೋಡಿಕೊಳ್ಳಿ.

ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಯುರೋಪ್ ಒಕ್ಕೂಟ ಒಪ್ಪಿದ ಲ್ಯಾಬ್‌ಗೇ ಕಳಿಸಬೇಕು. ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ಪ್ರತಿಕಾಯ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಆದರೂ ಇರಬೇಕು. ರಕ್ತ ತೆಗೆದ ದಿನದಿಂದ ಮತ್ತೆ 3 ತಿಂಗಳು ಕಾಯಬೇಕು. ರಿಪೋರ್ಟ್ ಚೆನ್ನಾಗಿ ಬಂದ ಮೇಲೂ ಯಾಕೆ ಕಾಯಿಸ್ತಾರೆ ಎಂದು ಜಗಳಕ್ಕೆ ಬರುತ್ತಾರೆ. ಲಸಿಕೆಗೆ ಮೊದಲೇ ಹುಚ್ಚುನಾಯಿ ಕಚ್ಚಿದ್ದರೆ ರೋಗ ಒಳಗೇ ಅಡಗಿ ತಿಂಗಳುಗಟ್ಟಲೆ ಕೂರಬಲ್ಲದು. ರಕ್ತದ ರಿಪೋರ್ಟ್ ಅದನ್ನು ಹೇಳುವುದಿಲ್ಲ, ಕಾಲವೇ ಹೇಳಬೇಕು. ಒಟ್ಟು ನಾಲ್ಕು ತಿಂಗಳು ಆಯಿತಲ್ಲ, ಇದನ್ನು ಎರಡು ದಿನಕ್ಕೆ ಇಳಿಸುವವನು ಕೊಡುವುದು ಸುಳ್ಳು ಕಾಗದ. ಸಿಕ್ಕಿಬಿದ್ದರೆ ಏಜೆಂಟನಿಗೆ ಏನೂ ಆಗುವುದಿಲ್ಲ; ನಾಯಿಯನ್ನು ವಾಪಸ್ ಕಳಿಸುತ್ತಾರೆ, ಇಲ್ಲ ಕ್ವಾರಂಟೈನಿನಲ್ಲಿಡುತ್ತಾರೆ, ಖರ್ಚು ನಿಮ್ಮದು.

ಆರೋಗ್ಯ ಪ್ರಮಾಣಪತ್ರ ಕೊನೆಗೆ, ಬೆಂಗಳೂರಿನ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯಲ್ಲಿ. ಕೊಟ್ಟ 10 ದಿನದೊಳಗೆ ಯುರೋಪಿನಲ್ಲಿ ಇಳಿಯಬೇಕು, ಹಾಗಾಗಿ ಮೊದಲೇ ಓಡಬೇಡಿ. ಸೊಸೆ ಮುಂದೆ ಹೋಗಲಿ, ನಾಯಿ ಆಮೇಲೆ ಅನ್ನುವುದಕ್ಕೂ ಕೊಕ್ಕೆಯಿದೆ: ಇಬ್ಬರ ಪ್ರಯಾಣದ ನಡುವೆ 5 ದಿನಕ್ಕಿಂತ ಹೆಚ್ಚಾದರೆ ವ್ಯಾಪಾರದ ಸಾಗಣೆಯ ನಿಯಮ ಅನ್ವಯಿಸುತ್ತದೆ. ನನ್ನ ಕೇಳಿದರೆ ಸೊಸೆಯ ಟಿಕೆಟ್ಟೇ ಮುಂದಕ್ಕೆ ಹಾಕಿ.

ಪ್ರಶ್ನೆ: ವಿಮಾನದಲ್ಲಿ ಒದ್ದಾಡದಂತೆ ಮಂಪರಿನ ಗುಳಿಗೆ ಕೊಡಲೇ? (ಬೆಟಗೇರಿ)

ಬೇಡ. ಗುಳಿಗೆಯಿಂದ ಬಿಪಿ ಇಳಿದರೆ ಮೇಲೆ ನೋಡುವವರು ಯಾರು? ಬೋನಿಗೆ ಈಗಿನಿಂದಲೇ ರೂಢಿ ಮಾಡಿಸಿ.

ಪ್ರಶ್ನೆ: ಮೂರು ತಿಂಗಳ ನಾಯಿಮರಿಯನ್ನು ಅಮೆರಿಕಕ್ಕೆ ಕಳಿಸಬಹುದೇ? (ಹಾವೇರಿ)

ಇಲ್ಲ. 2024ರ ಆಗಸ್ಟ್ 1ರಿಂದ ಆರು ತಿಂಗಳು ತುಂಬಿರಲೇಬೇಕು.

ಪ್ರಶ್ನೆ: ನಮ್ಮ ಬೆಕ್ಕು ಮನೆ ಬಿಟ್ಟು ಹೊರಗೇ ಹೋಗುವುದಿಲ್ಲ. ಜರ್ಮನಿಗೆ ಒಯ್ಯಲು ಅದಕ್ಕೂ ಇಷ್ಟೆಲ್ಲ ಬೇಕೇ? (ವಿದ್ಯಾನಗರ, ಹುಬ್ಬಳ್ಳಿ)

ಬೇಕು. ಮನೆ ಬಿಟ್ಟು ಹೋಗದ ಬೆಕ್ಕನ್ನು ನಾನಂತೂ ಹುಬ್ಬಳ್ಳಿಯಲ್ಲಿ ಕಂಡಿಲ್ಲ.