ಸಿಜೊ ಹಾಡುವಾಗ ಬಿಟ್ಟುಬಿಡುವ ಪದ

ಸಿಜೊ ಎಂದರೆ ಕೊರಿಯಾದ ಹೈಕು ಅಲ್ಲವೇ, ಮೂರು ಸಾಲಿನಲ್ಲಿ ಹಾಡುವುದಕ್ಕೆ ಏನಿದೆ ಎಂದು ಕೇಳಿದ್ದೀರಿ. ಹೋಲಿಕೆ ಮೂರು ಸಾಲಿಗೇ ಮುಗಿಯಿತು. ಹೈಕುವಿನಲ್ಲಿ ಒಟ್ಟು 17 ಅಕ್ಷರ. ಸಿಜೊದ ಒಂದೊಂದು ಸಾಲೇ ಸುಮಾರು 15 ಅಕ್ಷರದಷ್ಟು ಉದ್ದ.

ಮೊದಲ ಸಲ ಕೇಳಿದಾಗ ಧ್ವನಿಮುದ್ರಣ ಕೊನೆಯಲ್ಲಿ ತುಂಡಾಗಿದೆ ಎಂದುಕೊಂಡು ಮತ್ತೊಮ್ಮೆ ಹಾಕಿದೆ. ಆಗಲೂ ಅಲ್ಲಿಯೇ ನಿಂತಿತು. ಹಾಡುವ ಕ್ರಮವೇ ಹಾಗೆಂದು ಆಮೇಲೆ ತಿಳಿಯಿತು: ಮೂರನೆಯ ಸಾಲಿನ ಕೊನೆಯ ಪದವನ್ನು ಹಾಡುವುದೇ ಇಲ್ಲ.

ಇದು ಎಂಥ ಚಮತ್ಕಾರ ನೋಡಿ. 16ನೇ ಶತಮಾನದಲ್ಲಿ ಕೇಸೊಂಗ್ ಊರಿನಲ್ಲಿ ಹ್ವಾಂಗ್ ಜಿನಿ ಎಂಬ ಗಣಿಕೆ ಇದ್ದಳು. ಅವಳ ಒಂದು ಸಿಜೊದ ಭಾವ ಹೀಗಿದೆ: ಚಳಿಗಾಲದ ನೀಳ ಇರುಳಿನ ನಡುವನ್ನು ಕತ್ತರಿಸಿ, ವಸಂತದ ಗಾಳಿಯ ಹೊದಿಕೆಯಡಿ ಸುತ್ತಿಟ್ಟು, ನಲ್ಲ ಬಂದ ರಾತ್ರಿ ಸುರುಳಿ ಸುರುಳಿಯಾಗಿ ಬಿಚ್ಚುವೆ. ಕನ್ನಡದಂತೆ ಕೊರಿಯನ್ ಭಾಷೆಯಲ್ಲಿಯೂ ಕ್ರಿಯಾಪದ ಬರುವುದು ಕೊನೆಗೇ. ಹಾಡಿನಲ್ಲಿ ಬಿಟ್ಟುಹೋಗುವುದು ಆ 'ಬಿಚ್ಚುವೆ'. ಸುತ್ತಿಟ್ಟ ಇರುಳು ಸುತ್ತಿಟ್ಟಂತೆಯೇ ಉಳಿಯುತ್ತದೆ! ಎಷ್ಟೋ ಸಿಜೊಗಳಲ್ಲಿ ಹೀಗೆ ಬಿಡುವ ಪದ ಬರೀ 'ಮಾಡುವೆನು' ಎಂಬಂಥದ್ದು, ಹೋದರೂ ನಷ್ಟವಿಲ್ಲ. ಇಲ್ಲಿ ಮಾತ್ರ ಕವಿತೆಯ ಜೀವವೇ ಅದು.

ಇನ್ನು ತಾಳ. ಮೊದಲೆರಡು ಸಾಲುಗಳಿಗೆ 5, 8, 8, 5, 8 ಮಾತ್ರೆಗಳ ಆವರ್ತ. ಮೂರನೆಯದಕ್ಕೆ 5, 8, 5, 8. ಆ ಕಡೆಯ ಎಂಟರಲ್ಲಿ ಹಾಡುವವರು ಒಂದು ಮಾತ್ರೆಯಷ್ಟು ದನಿ ತೆಗೆದು ನಿಲ್ಲಿಸಿಬಿಡುತ್ತಾರೆ. ಒಂದೇ ಸ್ವರಾಕ್ಷರವನ್ನು ಉಸಿರು ಇರುವ ತನಕ ಎಳೆಯುವುದರಿಂದ ಮೂರು ಸಾಲಿಗೆ ಮೂರು ನಾಲ್ಕು ನಿಮಿಷ ಬೇಕು. ಜೊತೆಗೆ ಜಾಂಗು ಎಂಬ, ನಡು ಸಣ್ಣಗಿರುವ ಚರ್ಮವಾದ್ಯ ಒಂದಿದ್ದರೆ ಸಾಕು. ಅದೂ ಇಲ್ಲವೆಂದರೆ ಮೊಣಕಾಲು ತಟ್ಟಿಕೊಂಡೇ ಹಾಡುತ್ತಾರೆ.

ಇದೇ ಪದ್ಯಗಳನ್ನು ಹಾಡುವ ಇನ್ನೊಂದು, ಹೆಚ್ಚು ಹಳೆಯ ಪದ್ಧತಿಯೂ ಇದೆ: ಗಗೋಕ್. ಅದರಲ್ಲಿ ಪದ್ಯವನ್ನು ಐದು ಭಾಗ ಮಾಡಿ, ತಂತಿವಾದ್ಯ, ಕೊಳಲುಗಳ ಮೇಳದೊಂದಿಗೆ ಹಾಡುತ್ತಾರೆ. ಕೊನೆಯ ಪದವನ್ನೂ ಬಿಡುವುದಿಲ್ಲ. 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಈ ಗಗೋಕ್. ಅಂದ ಹಾಗೆ, 'ಸಿಜೊ' ಮೊದಲು ಧಾಟಿಯ ಹೆಸರಾಗಿತ್ತು; ಕವಿತೆಗೆ ಆ ಹೆಸರು ಅಂಟಿಕೊಂಡದ್ದು 20ನೇ ಶತಮಾನದಲ್ಲಿ.

ಕೇಳುವುದಾದರೆ 'ಸಿಜೊಚಾಂಗ್' ಎಂದು ಹುಡುಕಿ. ಮೊದಲು ಪದ್ಯದ ಅರ್ಥ ಓದಿಕೊಂಡು ಆಮೇಲೆ ಕೇಳಿ. ಇಲ್ಲದಿದ್ದರೆ ಏನು ಬಿಟ್ಟುಹೋಯಿತೆಂಬುದೇ ಗೊತ್ತಾಗುವುದಿಲ್ಲ.